ಮಾವನ ಬಲಗೈಗೆ ಓಟಿ ಎಲ್ಲಿ ಹುಡುಕಲಿ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಒಂದು ಹಳ್ಳಿ. ಮಾವನವರಿಗೆ 66 ವರ್ಷ, ಜೀವಮಾನವಿಡೀ ಅಡಿಕೆ ಕೆಲಸ ಮಾಡಿದವರು. ಮೇ ಕೊನೆಯಲ್ಲಿ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ 12 ದಿನ ಇದ್ದೆವು. ಫಿಸಿಯೋಥೆರಪಿ ಮಾಡಿಸಿ ಈಗ ಎಡಗೈಯಲ್ಲಿ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಮಾತು ಸ್ಪಷ್ಟವಾಗಿದೆ. ಬಲಗೈ ಮಾತ್ರ ಕೆಲಸಕ್ಕೆ ಬರುತ್ತಿಲ್ಲ. ಬೆರಳು ಮಡಚುತ್ತಾರೆ, ಬಿಡಿಸಲು ಕಷ್ಟ. ಅತ್ತೆಯೇ ಊಟ ಮಾಡಿಸುತ್ತಾರೆ. ಹೋದ ವಾರ ತೋರಿಸಿದಾಗ ನರರೋಗ ತಜ್ಞರು ಚೀಟಿಯಲ್ಲಿ 'ಓಟಿ' ಎಂದು ಬರೆದರು. ಆಪರೇಷನ್ನೇ ಇರಬೇಕು ಎಂದು ನಮ್ಮೆಲ್ಲರ ಎದೆ ಧಸಕ್ಕೆಂದಿತು. ಆಮೇಲೆ ಅದು ಆಕ್ಯುಪೇಷನಲ್ ಥೆರಪಿ ಎಂದು ಗೊತ್ತಾಯಿತು. ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ವಿಚಾರಿಸಿದೆ, ಯಾರೂ ಸಿಗಲಿಲ್ಲ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಎರಡೂವರೆ ಗಂಟೆ. ವಾರಕ್ಕೆ ಮೂರು ದಿನ ಕರೆದುಕೊಂಡು ಹೋಗುವುದು ಆಗದ ಮಾತು. ಒಬ್ಬರು 'ಮನೆಗೇ ಬಂದು ಓಟಿ ಮಾಡುತ್ತೇನೆ, ತಿಂಗಳ ಪ್ಯಾಕೇಜ್' ಎನ್ನುತ್ತಿದ್ದಾರೆ. ಏನು ಮಾಡಲಿ? ಮಣಿಪಾಲಕ್ಕೆ ಹೋಗಬೇಕೇ? ಅಷ್ಟು ಒದ್ದಾಡುವಷ್ಟು ಉಪಯೋಗ ಇದೆಯೇ?

ಉತ್ತರ: ಓಟಿ ಎಂದು ಓದಿ ಹೆದರಿದ್ದು ನೀವೊಬ್ಬರೇ ಅಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಇದೇ ಕೆಲಸದಲ್ಲಿದ್ದೇನೆ. ನಮ್ಮಮ್ಮ ಇವತ್ತಿಗೂ ನೆಂಟರ ಹತ್ತಿರ 'ಮಗಳು ಆಪರೇಷನ್ ಥಿಯೇಟರಿನಲ್ಲಿದ್ದಾಳೆ' ಎಂದೇ ಹೇಳುತ್ತಾರೆ. ಹಾಗಾಗಿ ಆಸ್ಪತ್ರೆಗಳಿಗೆ ಫೋನ್ ಮಾಡಿ 'ಓಟಿ ಇದೆಯಾ' ಎಂದು ಮಾತ್ರ ಕೇಳಬೇಡಿ. 'ಇದೆ, ಮೂರಿದೆ' ಎಂಬ ಉತ್ತರ ಬರುತ್ತದೆ. 'ಬಿಓಟಿ ಓದಿದ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರಾ' ಎಂದು ಪೂರ್ತಿ ಹೇಳಿ. ಬಿಓಟಿ ಎಂದರೆ ಈ ಚಿಕಿತ್ಸೆಯ ಪದವಿ. ಆಗಲೂ ಫಿಸಿಯೋಥೆರಪಿಗೆ ಲೈನ್ ಕೊಟ್ಟರೆ ಬೇಸರ ಮಾಡಿಕೊಳ್ಳಬೇಡಿ. ಊರಿನಲ್ಲಿ ಓಟಿ ಯಾರಾದರೂ ಇದ್ದರೆ ಅದು ಗೊತ್ತಿರುವುದು ಫಿಸಿಯೋಗಳಿಗೇ.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಉಪಯೋಗ ಇದೆ. ಆದರೆ ವಾರಕ್ಕೆ ಮೂರು ದಿನ ಬಸ್ಸು ಹತ್ತಬೇಕಾಗಿಲ್ಲ. ಸರಿಯಾಗಿ ಓದಿದ ಒಬ್ಬರು ಒಮ್ಮೆ ಮಾವನವರ ಜೊತೆ ಕೂತು ಅವರ ಕೈಯನ್ನೂ ಅವರ ದಿನವನ್ನೂ ಪೂರ್ತಿ ನೋಡಬೇಕು. ನಿಮ್ಮ ಮನೆಯ ನಕ್ಷೆ ಅವರ ತಲೆಯೊಳಗೆ ಹೋಗಬೇಕು. ಅಷ್ಟಾದರೆ ಮಿಕ್ಕದ್ದು ನಡೆಯುವುದು ನಿಮ್ಮ ಜಗಲಿಯಲ್ಲಿ, ಬಚ್ಚಲಿನಲ್ಲಿ, ಊಟದ ಮಣೆಯ ಮುಂದೆ. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ತೋರಿಸಿಕೊಂಡು ಬಂದರೆ ಸಾಕು, ನಡುವೆ ಫೋನಿನಲ್ಲಿ ವಿಡಿಯೋ ಕಳಿಸಬಹುದು. ಹತ್ತಿರ ಸಿಕ್ಕವರ ಹತ್ತಿರ ವಾರಕ್ಕೆ ಮೂರು ದಿನ ಹೋಗುವುದಕ್ಕಿಂತ, ದೂರವಾದರೂ ಗೊತ್ತಿರುವವರ ಹತ್ತಿರ ತಿಂಗಳಿಗೊಮ್ಮೆ ಹೋಗುವುದು ಮೇಲು ಎಂಬುದು ನನ್ನ ಅನುಭವ.

ಈ ಓಟಿ ಏನು ಮಾಡುತ್ತದೆ? ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಎಂದು ಬರೆಯುವುದರಿಂದ ಗೊಂದಲ ಇನ್ನೂ ಹೆಚ್ಚಾಗಿದೆ. 'ನಮ್ಮ ತಂದೆಗೆ ಇನ್ನು ಉದ್ಯೋಗ ಯಾಕೆ ಮೇಡಂ' ಎಂದು ಕೇಳಿದವರಿದ್ದಾರೆ. ಇಲ್ಲಿ ಉದ್ಯೋಗ ಎಂದರೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮನುಷ್ಯ ತನ್ನ ಕೈಯಾರೆ ಮಾಡುವುದೆಲ್ಲ: ಮುಖ ತೊಳೆಯುವುದು, ಪಂಚೆ ಸುತ್ತುವುದು, ಊಟ, ಎಲೆಗೆ ಸುಣ್ಣ ಹಚ್ಚುವುದು, ತೋಟಕ್ಕೆ ಹೋಗಿ ಬರುವುದು. ಫಿಸಿಯೋ ಸ್ನಾಯುವಿಗೆ ಬಲ ತರುತ್ತಾರೆ, ನಿಲ್ಲಿಸುತ್ತಾರೆ, ನಡೆಸುತ್ತಾರೆ. ಓಟಿ ಆ ಬಲವನ್ನು ಅನ್ನದ ತುತ್ತಿನವರೆಗೆ, ಅಂಗಿಯ ಗುಂಡಿಯವರೆಗೆ ತಲುಪಿಸುತ್ತಾರೆ. ಬಲ ಪೂರ್ತಿ ಬರುವುದೇ ಇಲ್ಲ ಎನ್ನುವಲ್ಲಿ ಕೆಲಸ ಮಾಡುವ ದಾರಿಯನ್ನೇ ಬದಲಿಸಿಕೊಡುತ್ತಾರೆ. ಇಬ್ಬರ ಕೆಲಸದ ಗಡಿ ನೂಲು ಹಿಡಿದು ಎಳೆದಂತೆ ಇಲ್ಲ. ನಿಮ್ಮ ಮಾವನವರನ್ನು ನಾಲ್ಕು ತಿಂಗಳಲ್ಲಿ ಅಂಗಳಕ್ಕೆ ತಂದ ಫಿಸಿಯೋ ಒಳ್ಳೆಯ ಕೆಲಸ ಮಾಡಿದ್ದಾರೆ. ಅವರನ್ನು ಬಿಡಬೇಡಿ.

ನಮ್ಮ ದೇಶದಲ್ಲಿ ಇದರ ಮೊದಲ ಶಾಲೆ ಶುರುವಾದದ್ದು 1950ರಲ್ಲಿ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ. ಅಮೆರಿಕದಲ್ಲಿ ಹುಟ್ಟಿ ಇಲ್ಲಿಯವರೇ ಆದ ಕಮಲಾ ನಿಂಬ್ಕರ್ ಅದನ್ನು ಕಟ್ಟಿದರು. ಅಷ್ಟು ಹಳೆಯದಾದರೂ ಓದಿ ಹೊರಬಂದವರಲ್ಲಿ ಹೆಚ್ಚಿನವರು ದೊಡ್ಡ ಊರುಗಳಲ್ಲೇ ಉಳಿದುಬಿಟ್ಟರು, ಕೆಲವರು ಹೊರದೇಶಕ್ಕೆ ಹೋದರು. ತಾಲ್ಲೂಕು ಕೇಂದ್ರದಲ್ಲಿ ಬೋರ್ಡು ಕಾಣದಿರುವುದು ನೀವು ಸರಿಯಾಗಿ ಹುಡುಕಲಿಲ್ಲ ಎಂದಲ್ಲ.

ಹುಡುಕುವುದನ್ನು ಶಿವಮೊಗ್ಗದಿಂದ ಶುರುಮಾಡಿ. ಚೀಟಿ ಬರೆದ ನರರೋಗ ತಜ್ಞರಿಗೇ ಫೋನ್ ಮಾಡಿಸಿ, 'ಯಾರ ಹತ್ತಿರ ಕಳಿಸುತ್ತೀರಿ, ಹೆಸರು ಹೇಳಿ' ಎಂದು ಕೇಳಿ. ನಮ್ಮ ಕಡೆ ಡಾಕ್ಟರನ್ನು ಮರುಪ್ರಶ್ನೆ ಕೇಳಲು ಸಂಕೋಚಪಡುತ್ತಾರೆ. ಸಂಕೋಚ ಬೇಡ, ಬರೆದವರಿಗೆ ಎಲ್ಲಿ ಸಿಗುತ್ತದೆಂದು ಹೇಳುವ ಹೊಣೆಯೂ ಇದೆ. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಹೋದಾಗ ಅಲ್ಲಿನ ಫಿಸಿಯೋಥೆರಪಿ ವಿಭಾಗದಲ್ಲಿ ಒಂದು ಮಾತು ವಿಚಾರಿಸಿ. ಇನ್ನೊಂದು ಜಾಗ ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ: ಮಕ್ಕಳ ಥೆರಪಿ ಸೆಂಟರ್‌ಗಳು. ಆಟಿಸಂ ಇರುವ, ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಓಟಿ ಬೇಕೇ ಬೇಕು ಎಂದು ತಂದೆ-ತಾಯಿಗೆ ಈಗ ಗೊತ್ತಾಗಿದೆ. ಹಾಗಾಗಿ ಸಣ್ಣ ಊರಿಗೆ ಬಂದ ಓಟಿಗಳು ಮೊದಲು ಸೇರಿಕೊಳ್ಳುವುದೇ ಅಲ್ಲಿ. ಅವರೂ ಓದುವಾಗ ಲಕ್ವದ ರೋಗಿಗಳನ್ನು ನೋಡಿಯೇ ಬಂದಿರುತ್ತಾರೆ. ಮಕ್ಕಳೆಲ್ಲ ಹೋದ ಮೇಲೆ ಸಂಜೆ ಒಂದು ಗಂಟೆ ದೊಡ್ಡವರನ್ನು ನೋಡುತ್ತೀರಾ ಎಂದು ಕೇಳಿ. 'ಅಭ್ಯಾಸ ಬಿಟ್ಟುಹೋಗಿದೆ, ನನ್ನ ಸಹಪಾಠಿ ಒಬ್ಬರಿದ್ದಾರೆ, ನಂಬರ್ ಕೊಡುತ್ತೇನೆ' ಎಂದರೂ ನಿಮಗೆ ಲಾಭವೇ. ನಮ್ಮದು ಸಣ್ಣ ಬಳಗ, ಒಬ್ಬರಿಗೆ ಒಬ್ಬರು ಗೊತ್ತಿರುತ್ತಾರೆ.

ಶಿವಮೊಗ್ಗದಲ್ಲಿ ಆಗದಿದ್ದರೆ ಮಣಿಪಾಲ. ಅಲ್ಲಿನ ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್‌ನಲ್ಲಿ ಓಟಿಯ ಪದವಿ, ಸ್ನಾತಕೋತ್ತರ ಎರಡೂ ಇವೆ. ರೋಗಿಗಳನ್ನು ನೋಡುವುದು ಕಸ್ತೂರಬಾ ಆಸ್ಪತ್ರೆಯಲ್ಲಿ. ನಗರ ಹೋಬಳಿಯವರಿಗೆ ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿದರೆ ಕುಂದಾಪುರದ ದಾರಿ ಸಿಗುತ್ತದೆ, ಆಗುಂಬೆ ಸುತ್ತಬೇಕಾಗಿಲ್ಲ. ಆದರೆ ಈ ಮಳೆ ಪೂರ್ತಿ ಬಿಡಲಿ. ಘಾಟಿಯಲ್ಲಿ ಗುಡ್ಡ ಜರಿದು ಮೂರು ತಾಸು ಕಾರಿನಲ್ಲಿ ಕೂತರೆ ಮಾವನವರ ಕಾಲು ಬಾತುಕೊಳ್ಳುತ್ತದೆ, ಥೆರಪಿಸ್ಟ್ ಮುಂದೆ ಹೋಗುವ ಹೊತ್ತಿಗೆ ಕೈಯೂ ಬಿಗಿದಿರುತ್ತದೆ. ಹೋಗುವುದಾದರೆ ಹಿಂದಿನ ದಿನವೇ ಹೋಗಿ ತಂಗಿ, ಬೆಳಿಗ್ಗೆ ತೋರಿಸಿ. ಅದೇ ದಿನ ಹೋಗಿ ಅದೇ ದಿನ ಬರುವ ಅವಸರದಲ್ಲಿ ಸುಸ್ತಾದ ಕೈಯನ್ನು ಪರೀಕ್ಷೆ ಮಾಡಿಸಿದರೆ ತಪ್ಪು ಲೆಕ್ಕ ಸಿಗುತ್ತದೆ. ಮಗ, ಮಗಳು ಬೆಂಗಳೂರಿನಲ್ಲಿದ್ದು ಹೇಗೂ ಅಲ್ಲಿಗೆ ಹೋಗುವ ಮನೆಯಾದರೆ ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗವೂ ಇದೆ. ನಿಮಗೆ ಮಣಿಪಾಲವೇ ಅನುಕೂಲ.

ಹೋಗುವ ಮೊದಲು ಮನೆಯಲ್ಲಿ ಒಂದು ದಿನದ ಕೆಲಸ ಇದೆ, ಅದನ್ನು ಬಿಡಬೇಡಿ. ಫೋನಿನಲ್ಲಿ ಒಂದೊಂದು ನಿಮಿಷದ ವಿಡಿಯೋ ತೆಗೆಯಿರಿ. ಮಂಚದಿಂದ ಏಳುವುದು. ಅಂಗಿ ಹಾಕಿಕೊಳ್ಳುವುದು. ಊಟಕ್ಕೆ ಕೂರುವುದು. ಜಗಲಿಯ ಮೆಟ್ಟಿಲು ಇಳಿಯುವುದು. ನೀವು ಕೈ ಹಾಕಬೇಡಿ, ಎಡವಿದರೆ ಹಿಡಿಯುವಷ್ಟು ಹತ್ತಿರ ಮಾತ್ರ ನಿಲ್ಲಿ. ಆಮೇಲೆ ಟೇಪು ತೆಗೆದುಕೊಂಡು ಮಂಚದ ಎತ್ತರ, ಅವರು ಕೂರುವ ಕುರ್ಚಿಯ ಎತ್ತರ, ಹೊಸ್ತಿಲುಗಳು, ಬಚ್ಚಲಿನ ಬಾಗಿಲ ಅಗಲ ಅಳೆದು ಬರೆದುಕೊಳ್ಳಿ. ನಮ್ಮ ಹಳೆಯ ಮನೆಗಳ ಹೊಸ್ತಿಲು ಎಷ್ಟೆತ್ತರ ಎಂದು ಮಣಿಪಾಲದಲ್ಲಿ ಕೂತವರಿಗೆ ಅಂದಾಜಾಗುವುದಿಲ್ಲ. ಬಚ್ಚಲು ಮನೆಯ ಹೊರಗಿದೆಯೇ, ಹೋಗುವ ದಾರಿಯಲ್ಲಿ ಅಡಿಕೆ ದಬ್ಬೆ ಹಾಕಿದ್ದೀರೇ, ಪಾಚಿ ಕಟ್ಟಿದೆಯೇ, ಪಾಯಿಖಾನೆ ಕುಕ್ಕರಗಾಲಿನದೋ ಕಮೋಡೋ, ಎಲ್ಲದರ ಫೋಟೋ ಇರಲಿ. ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ವರದಿ, ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಹೇಗೂ ಬೇಕು.

ಈಗ ಪ್ಯಾಕೇಜಿನವರ ವಿಚಾರ. ಅವರು ಒಳ್ಳೆಯವರೇ ಇರಬಹುದು, ನಾನು ನೋಡಿಲ್ಲ. ನೀವು ಕೇಳಬೇಕಾದದ್ದು ಇಷ್ಟು: ಏನು ಓದಿದ್ದೀರಿ, ಎಲ್ಲಿ, ಎಷ್ಟು ವರ್ಷ? ಬಿಓಟಿ ಎಂದರೆ ಇಂಟರ್ನ್‌ಷಿಪ್ ಸೇರಿ ನಾಲ್ಕೂವರೆ-ಐದು ವರ್ಷದ ಪದವಿ. ಮೂರು ತಿಂಗಳ, ಆರು ತಿಂಗಳ ಸರ್ಟಿಫಿಕೇಟಿನಲ್ಲಿ ಓಟಿ ಆಗುವುದಿಲ್ಲ. ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟರ ಸಂಘ 1952ರಿಂದ ಇದೆ, ಅದರ ಸದಸ್ಯತ್ವದ ಸಂಖ್ಯೆ ಇದೆಯೇ ಎಂದು ಕೇಳಬಹುದು. ಕೆಲವರು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನಂಬರ್ ತೋರಿಸುತ್ತಾರೆ. ಅದು ವಿಶೇಷ ಶಿಕ್ಷಕರಿಗೆ, ವಾಕ್-ಶ್ರವಣ ತಜ್ಞರಿಗೆ, ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಇರುವ ನೋಂದಣಿ; ಓಟಿ ಆ ಪಟ್ಟಿಯಲ್ಲಿಲ್ಲ. ಓಟಿ, ಫಿಸಿಯೋ ಎರಡೂ ಬರುವುದು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಕೆಳಗೆ. ಹಾಗಾಗಿ ಆರ್‌ಸಿಐ ನಂಬರ್ ಇದೆ ಎಂದ ಮಾತ್ರಕ್ಕೆ ಅವರು ಓಟಿ ಎಂದು ತಿಳಿಯಬೇಡಿ.

ಪದವಿಗಿಂತ ಹೆಚ್ಚು ತಿಳಿಸುವ ಪ್ರಶ್ನೆ ಇನ್ನೊಂದಿದೆ. 'ಮೊದಲ ದಿನ ಬಂದು ಏನು ಮಾಡುತ್ತೀರಿ?' ಎಂದು ಕೇಳಿ. ಮಾವನವರು ಏನು ಕೆಲಸ ಮಾಡುತ್ತಿದ್ದರು, ಎಲ್ಲಿ ಕೂತು ಉಣ್ಣುತ್ತಾರೆ, ಅವರಿಗೆ ಮೊದಲು ಏನು ಮಾಡಬೇಕೆಂದು ಆಸೆ ಎಂದು ತಿರುಗಿ ಕೇಳಿದರೆ ಸರಿಯಾದವರು. 'ಮೆಷಿನ್ ತರುತ್ತೇನೆ, ನರಕ್ಕೆ ಕರೆಂಟ್ ಕೊಡುತ್ತೇನೆ, ಮೂರು ತಿಂಗಳಲ್ಲಿ ಕೈ ಮೊದಲಿನಂತೆ' ಎಂದರೆ ನಮಸ್ಕಾರ ಹೇಳಿ ಕಳಿಸಿ. ಹಿಂದೆ ಒಂದು ಮನೆಯವರು ಹೀಗೆ ತಿಂಗಳುಗಟ್ಟಲೆ ದುಡ್ಡು ಸುರಿದ ಮೇಲೆ ನನ್ನ ಹತ್ತಿರ ಬಂದಿದ್ದರು. ಅಷ್ಟು ದಿನ ದಿನವೂ ಮುಕ್ಕಾಲು ಗಂಟೆ ಕೈಗೆ ಮೆಷಿನ್ ಹಚ್ಚಿದ್ದರು. ಆ ಅಜ್ಜನ ಕೈಗೆ ಒಂದು ಲೋಟವನ್ನೂ ಒಮ್ಮೆಯೂ ಕೊಟ್ಟಿರಲಿಲ್ಲ.

ತಪ್ಪು ನನ್ನಿಂದಲೂ ಆಗಿದೆ. ಕೆಲಸಕ್ಕೆ ಸೇರಿದ ಹೊಸತು. ನಿಮ್ಮ ಮಾವನವರ ಹಾಗೆಯೇ ಬಲಗೈ ಹೋದ ಒಬ್ಬ ಹಿರಿಯರು, ಅಡಿಕೆ ತೋಟದವರು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಎರಡು ವಾರ ಕಲಿಸಿದೆ. ಆಸ್ಪತ್ರೆಯ ಮೇಜಿನ ಮೇಲೆ ಚೆಂದಾಗಿ ಉಂಡರು. ನಾನು ಫೈಲಿನಲ್ಲಿ 'ಊಟದಲ್ಲಿ ಸ್ವತಂತ್ರ' ಎಂದು ಬರೆದು ಮನೆಗೆ ಕಳಿಸಿದೆ. ಆರು ವಾರದ ಮೇಲೆ ಬಂದರು, ತೂಕ ಇಳಿದಿತ್ತು. ಹೆಂಡತಿ ಮೆಲ್ಲಗೆ ಹೇಳಿದರು: 'ಎಡಗೈಯಲ್ಲಿ ಉಣ್ಣೋದು ಅವರಿಗೆ ಹೇಸಿಗೆ ಅಮ್ಮ. ಪಂಕ್ತಿಯಲ್ಲಿ ಕೂರೋದನ್ನೇ ಬಿಟ್ಟರು. ನಾನು ಉಣ್ಣಿಸಕ್ಕೆ ಹೋದ್ರೆ ನಾಲ್ಕು ತುತ್ತಿಗೆ ಸಾಕು ಅಂತಾರೆ.' ತೊಳೆಯುವ ಕೈಯಲ್ಲಿ ಉಣ್ಣು ಎಂದು ಹೇಳಿದ್ದೆ ನಾನು; ಮಲೆನಾಡಿನಲ್ಲೇ ಹುಟ್ಟಿ ಬೆಳೆದವಳಿಗೆ ಅದು ಹೊಳೆದಿರಲಿಲ್ಲ. ಪುಸ್ತಕದಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಅತ್ತೆ ಉಣ್ಣಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ಕಾರಣ ಕೈಯೊಂದೇ ಇರಲಿಕ್ಕಿಲ್ಲ, ಮಾವನವರನ್ನು ಕೇಳಿ ನೋಡಿ. ಎಡಗೈ ಬೇಡ ಎಂದರೆ ಬಲಗೈಯನ್ನೇ ಊಟಕ್ಕೆ ತರುವ ದಾರಿ ಇದೆ. ಅನ್ನ-ಸಾರಿನಿಂದ ಶುರುಮಾಡಬೇಡಿ. ಕಲಸಿ ತುತ್ತು ಕಟ್ಟುವುದು ಬೆರಳಿಗೆ ಬಹಳ ಸೂಕ್ಷ್ಮದ ಕೆಲಸ. ಬೆಳಿಗ್ಗೆಯ ಕಡುಬನ್ನು ಎರಡು ಬೆರಳಿನಷ್ಟು ದಪ್ಪಕ್ಕೆ ಕತ್ತರಿಸಿ ತಟ್ಟೆಯಲ್ಲಿಡಿ. ಮೇಜಿನ ಮುಂದೆ, ಅಂಗಾಲು ಪೂರ್ತಿ ನೆಲಕ್ಕೆ ತಾಗುವಂತೆ ಕೂರಿಸಿ. ಬಲ ಮೊಣಕೈ ಮೇಜಿನ ಮೇಲೆ ಊರಿರಲಿ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರುವುದಿಲ್ಲ. ಬೆರಳು ಬಿಡಿಸಲು ಎಡಗೈಯ ಸಹಾಯ ತೆಗೆದುಕೊಳ್ಳಲಿ, ತುಂಡನ್ನು ಹಿಡಿಯುವುದು, ಎತ್ತುವುದು ಬಲಗೈಯೇ ಮಾಡಲಿ. ಮೊದಲ ವಾರ ಮೂರು ತುಂಡು ಸಾಕು, ಮಿಕ್ಕದ್ದನ್ನು ಅತ್ತೆ ಉಣ್ಣಿಸಲಿ. ಅರ್ಧ ಬಾಯಿಗೆ, ಅರ್ಧ ಪಂಚೆಗೆ ಬೀಳುತ್ತದೆ. ಬೀಳಲಿ. ಮನೆಯವರೆಲ್ಲ ಎದುರು ಕೂತು ನೋಡುವುದು ಮಾತ್ರ ಬೇಡ.

ಬಲಗೈಗೆ ಕೆಲಸ ಕೊಡದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಮೊದಲ ವಾರಗಳಲ್ಲಿ ಕೈ ಎತ್ತಲು ಹೋಗಿ ಸೋತ ಮಿದುಳು 'ಈ ಕೈ ಇಲ್ಲ' ಎಂದು ತೀರ್ಮಾನಿಸಿಬಿಡುತ್ತದೆ. ಆಮೇಲೆ ಸ್ವಲ್ಪ ಬಲ ಬಂದರೂ ಅದನ್ನು ಬಳಸುವುದಿಲ್ಲ, ಎಲ್ಲವನ್ನೂ ಎಡಗೈಗೇ ವಹಿಸುತ್ತದೆ. ಈ ಅಭ್ಯಾಸ ಮುರಿಯಲು ಒಳ್ಳೆಯ ಕೈಗೆ ಚೀಲ ಹಾಕಿ ಕಟ್ಟಿಟ್ಟು, ಸೋತ ಕೈಯಿಂದಲೇ ದಿನವಿಡೀ ಕೆಲಸ ಮಾಡಿಸುವ ಒಂದು ವಿಧಾನ ಇದೆ. ಅಮೆರಿಕದ ಎಡ್ವರ್ಡ್ ಟಾಬ್ ಎಂಬುವರು ಬೆಳೆಸಿದ್ದು. 2006ರಲ್ಲಿ ಅಲ್ಲಿ 222 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾದವರಿಗೂ ಇದರಿಂದ ಕೈ ಸುಧಾರಿಸಿತು. ನಿಮ್ಮ ಮಾವನವರು ಅದೇ ಅವಧಿಯೊಳಗಿದ್ದಾರೆ. 'ನಾಲ್ಕು ತಿಂಗಳಾಯಿತು, ಇನ್ನೇನು ಬರುತ್ತದೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಧಾರಣೆಯ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು ಎಂಬುದು ನಿಜ, ಆಮೇಲೆ ಬಾಗಿಲು ಮುಚ್ಚುತ್ತದೆ ಎಂಬುದು ನಿಜವಲ್ಲ. ಆದರೆ ಈ ಕೈ ಕಟ್ಟುವ ಪದ್ಧತಿಯನ್ನು ಮನೆಯಲ್ಲಿ ನೀವಾಗಿ ಶುರುಮಾಡಬೇಡಿ. ಮಣಿಕಟ್ಟೂ ಬೆರಳೂ ಕನಿಷ್ಠ 10 ಡಿಗ್ರಿಯಷ್ಟಾದರೂ ತಾವಾಗಿ ಮೇಲೆದ್ದರೆ ಮಾತ್ರ ಅದರಿಂದ ಪ್ರಯೋಜನ. ನಿಮ್ಮ ಮಾವನವರು ಕೋಲು ಹಿಡಿಯುವುದು ಎಡಗೈಯಲ್ಲಿ, ಆ ಕೈಯನ್ನೇ ಕಟ್ಟಿದರೆ ಬೀಳುತ್ತಾರೆ. ಇದು ಓಟಿ ನೋಡಿ ನಿರ್ಧರಿಸಬೇಕಾದದ್ದು. ಅವರಿಗೆ ಹಾಕಬೇಕಾದ ಮೊದಲ ಪ್ರಶ್ನೆಯೂ ಇದೇ ಆಗಲಿ.

ಕೆಲವನ್ನು ಮಾತ್ರ ಇವತ್ತಿನಿಂದಲೇ ನಿಲ್ಲಿಸಿ. ಬಲಗೈ ಹಿಡಿದು ಎಳೆದು ಎಬ್ಬಿಸುವುದು, ಕಂಕುಳಿಗೆ ಕೈ ಕೊಟ್ಟು ಎತ್ತುವುದು ಎರಡೂ ಬೇಡ. ಸ್ನಾಯು ಸಡಿಲವಾದ ಭುಜದ ಕೀಲು ಜಾರುತ್ತದೆ, ನೋವು ಒಮ್ಮೆ ಶುರುವಾದರೆ ಕೈ ಮುಟ್ಟಲೂ ಬಿಡುವುದಿಲ್ಲ. ಸೊಂಟಕ್ಕೆ ಒಂದು ತುಂಡು ಪಂಚೆ ಬಿಗಿಯಾಗಿ ಸುತ್ತಿ ಅದನ್ನು ಹಿಡಿದು ಎಬ್ಬಿಸಿ. ಜಗಲಿಯ ತೊಲೆಗೆ ಹಗ್ಗ, ಗಾಲಿ ಕಟ್ಟಿ ಎಡಗೈಯಿಂದ ಬಲಗೈಯನ್ನು ತಲೆಯ ಮೇಲೆ ಎಳೆಸುವುದನ್ನು ನಾನು ಅದೆಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಭುಜ ಕೆಡಲು ಅದಕ್ಕಿಂತ ಸುಲಭದ ದಾರಿ ಇಲ್ಲ, ಬಿಚ್ಚಿಬಿಡಿ. ರಬ್ಬರ್ ಚೆಂಡು ಹಿಸುಕುವುದೂ ಹಾಗೆಯೇ: ಅವರಿಗೆ ಮಡಚಲು ಬರುತ್ತದೆ ಎಂದು ನೀವೇ ಬರೆದಿದ್ದೀರಿ, ಬೇಕಾಗಿರುವುದು ಬಿಡಿಸುವ ಅಭ್ಯಾಸ. ಇನ್ನು ಬಚ್ಚಲು. ಲಕ್ವ ಆದ ಕೈಗೆ ಬಿಸಿ ಗೊತ್ತಾಗದೇ ಇರಬಹುದು. ಹಂಡೆಯ ನೀರನ್ನು ಬೆರೆಸಿದ ಮೇಲೆ ಅವರು ಎಡಗೈಯಲ್ಲೇ ಮುಟ್ಟಿ ನೋಡಿ ಮೈಗೆ ಹಾಕಿಕೊಳ್ಳಲಿ. ಅಂಗಿ ಹಾಕುವಾಗ ಬಲಗೈ ಮೊದಲು, ತೆಗೆಯುವಾಗ ಬಲಗೈ ಕೊನೆಗೆ. ಇಷ್ಟಕ್ಕೇ ದಿನದ ಅರ್ಧ ಜಗಳ ಕಡಿಮೆಯಾಗುತ್ತದೆ.

ಊರಿನಲ್ಲಿ ಸಿಗುವ ಸಹಾಯವನ್ನೂ ಬಿಡಬೇಡಿ. ನಿಮ್ಮ ಗ್ರಾಮ ಪಂಚಾಯಿತಿಗೆ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ, ಸಾಧನ ಸಲಕರಣೆ ಕೊಡುವ ಶಿಬಿರ ಯಾವಾಗ, ಎಲ್ಲಿ ಎಂಬುದು ಅವರಿಗೆ ಗೊತ್ತಿರುತ್ತದೆ. ಪಾಯಿಖಾನೆಯ ಮೇಲೆ ಇಡುವ ಕಮೋಡ್ ಕುರ್ಚಿಗೆ ಮೆಡಿಕಲ್ ಅಂಗಡಿಗೆ ಓಡುವ ಮೊದಲು ಅವರನ್ನು ಕೇಳಿ. ಅವರು ಥೆರಪಿಸ್ಟರಲ್ಲ, ಆದರೆ ಯಾವ ಬಾಗಿಲು ತಟ್ಟಬೇಕೆಂದು ತೋರಿಸುತ್ತಾರೆ.

ಇದನ್ನು ಓದುವ ಬೇರೆ ಮನೆಗಳಲ್ಲಿ ಮಗುವಿಗೆ ಓಟಿ ಬೇಕಾಗಿದ್ದರೆ ಅವರ ದಾರಿ ಸ್ವಲ್ಪ ಬೇರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ, ಶಾಲೆಗಳಲ್ಲೇ ತಪಾಸಣೆ ಮಾಡಿ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಾಕು. ಶಾಲೆಗೆ ಹೋಗುವ ಮಗುವಾದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಎಂಬ ಶಿಕ್ಷಕರು ಇರುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇರುವವರಿಗೆ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೆ, ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ. ಲಕ್ವಕ್ಕೆ ಅದು ಅನ್ವಯಿಸುವುದಿಲ್ಲ, ಅದರ ಹಿಂದೆ ನೀವು ಅಲೆಯಬೇಡಿ.

ವಿಡಿಯೋ ಕಾಲ್ ಬಗ್ಗೆ ಒಂದು ಮಾತು. ನಿಮ್ಮ ಹೋಬಳಿಯ ನೆಟ್‌ವರ್ಕ್ ನನಗೆ ಗೊತ್ತು; ಸಿಗ್ನಲ್‌ಗಾಗಿ ಮಾವನವರನ್ನು ಗುಡ್ಡ ಹತ್ತಿಸಲು ಆಗುವುದಿಲ್ಲ. ಲೈವ್ ಕಾಲ್ ಬೇಡವೇ ಬೇಡ. ವಾರಕ್ಕೊಮ್ಮೆ ಎರಡು ಸಣ್ಣ ವಿಡಿಯೋ ತೆಗೆದಿಟ್ಟುಕೊಂಡು, ಪೇಟೆಗೆ ಹೋದಾಗ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ, ನೋಡಿ ವಾಯ್ಸ್ ಮೆಸೇಜಿನಲ್ಲಿ ಹೇಳುತ್ತೀರಾ ಎಂದು ಮೊದಲ ಭೇಟಿಯಲ್ಲೇ ಕೇಳಿ, ಅದಕ್ಕೆ ಎಷ್ಟು ಕೊಡಬೇಕು ಎಂದೂ ಕೇಳಿ. ಕೇಳದೆ ಕಳಿಸಿದ ವಿಡಿಯೋ ನೂರು ಮೆಸೇಜುಗಳ ಕೆಳಗೆ ಹೂತುಹೋಗುತ್ತದೆ. ನಿಮ್ಮ ಫಿಸಿಯೋ ಮತ್ತು ಈ ಓಟಿ ಒಮ್ಮೆ ಫೋನಿನಲ್ಲಿ ಮಾತಾಡಿಕೊಳ್ಳುವಂತೆ ಮಾಡಿ. ಹತ್ತಿರ ಇರುವ ಕೈ ಅವರದು, ಓಟಿ ಹೇಳಿದ್ದರಲ್ಲಿ ಬಹಳಷ್ಟನ್ನು ಅವರೇ ಮಾಡಿಸಬಲ್ಲರು.

ನೀವು ಬರೆಯದ ಒಂದು ವಿಷಯ ಕೇಳಲೇ? ಮಾವನವರು ಮಾತು ಕಡಿಮೆ ಮಾಡಿದ್ದಾರೆಯೇ, ಗೋಡೆ ಕಡೆ ತಿರುಗಿ ಮಲಗುತ್ತಾರೆಯೇ, 'ಇನ್ನು ಯಾಕೆ' ಎನ್ನುತ್ತಾರೆಯೇ? ಲಕ್ವ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೆ ಮಾತ್ರೆ ಇದೆ, ವಾಸಿಯಾಗುತ್ತದೆ. ಅದನ್ನು ಬಿಟ್ಟು ಕೈಗೆ ಎಷ್ಟು ವ್ಯಾಯಾಮ ಮಾಡಿಸಿದರೂ ಬಂಡೆಗೆ ನೀರೆರೆದಂತೆ. ಲಕ್ಷಣ ಕಂಡರೆ ನರರೋಗ ತಜ್ಞರಿಗೇ ಹೇಳಿ. ಬಿಪಿ ಮಾತ್ರೆ ತಪ್ಪಿಸಬೇಡಿ. ಬಾಯಿ ಮತ್ತೆ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಹೊಸದಾಗಿ ಸೋತರೆ ಬೆಳಗಾಗಲಿ ಎಂದು ಕಾಯಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ ಮಾತ್ರ, ನಿಮ್ಮೂರಿನಿಂದ ದಾರಿಗೇ ಅದರ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ.

ಅಡಿಕೆಯ ಕೊನೆ (ಗೊನೆ) ಕೊಯ್ಲು ಬರುತ್ತಿದೆ. ಜೀವಮಾನವಿಡೀ ಅಡಿಕೆ ಸುಲಿದವರು ಮೆಟ್ಟುಗತ್ತಿಯ ಮುಂದೆ ಕೂರುತ್ತೇನೆ ಎಂದು ಹಟ ಹಿಡಿಯಬಹುದು. ಈ ವರ್ಷ ಬೇಡ, ಸ್ಪರ್ಶ ಗೊತ್ತಾಗದ ಬೆರಳು ಕತ್ತಿಯ ಹತ್ತಿರ ಹೋಗಬಾರದು. ಆದರೆ ಅಡಿಕೆ ಸುಲಿಯುವ ಗದ್ದಲದಿಂದ ದೂರ ಅವರನ್ನು ಒಳಗೆ ಮಲಗಿಸಲೂ ಬೇಡಿ. ಬೇಯಿಸಿ ಒಣಗಿದ ಅಡಿಕೆಯ ಒಂದು ಮೊರವನ್ನು ಮೇಜಿನ ಮೇಲೆ ಅವರ ಬಲಗಡೆ ಇಡಿ. ಅಡಿಕೆಯ ಬಗೆಗಳನ್ನು, ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ ಆರಿಸಿ ಮೂರು ತಟ್ಟೆಗೆ ಹಾಕಲಿ. ಕಣ್ಣು ಅವರದು ಇನ್ನೂ ಅಡಿಕೆ ಮಂಡಿಯ ವ್ಯಾಪಾರಿಗಳಿಗಿಂತ ಚುರುಕಾಗಿರುತ್ತದೆ. ಒಂದೊಂದು ಅಡಿಕೆಗೂ ಬೆರಳು ಒಮ್ಮೆ ಬಿಚ್ಚಬೇಕು, ಹಿಡಿಯಬೇಕು, ಕೈ ಒಯ್ಯಬೇಕು, ಬಿಡಬೇಕು. ಬೇಸರವಿಲ್ಲದೆ ನೂರು ಸಲ ಆಗುತ್ತದೆ. ನನ್ನ ಕೋಣೆಯಲ್ಲಿರುವ ಬಣ್ಣದ ಮರದ ಗುಂಡುಗಳನ್ನು ಹತ್ತು ಸಲ ಎತ್ತಿಸಲು ನಾನು ಗೋಗರೆಯಬೇಕು. ನಡುವೆ ಎಲೆ-ಅಡಿಕೆ ಕೇಳಿದರೆ ಸುಣ್ಣ ಅವರೇ ಹಚ್ಚಿಕೊಳ್ಳಲಿ, ಎಲೆಯನ್ನು ಬಲ ಅಂಗೈ ಮೇಲಿಟ್ಟು ಎಡ ಬೆರಳಿನಿಂದ. ಹೊಗೆಸೊಪ್ಪು ಮಾತ್ರ ಕೊಡಬೇಡಿ, ಎಷ್ಟು ಕೇಳಿದರೂ.

ಇನ್ನು ಥೆರಪಿಸ್ಟ್ ಹತ್ತಿರ ಹೋಗುವ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ನೀವೇ ಅಂಗಿ ತೊಡಿಸಿ ಹೊರಡಿಸಬೇಡಿ. ಒಂದು ತಾಸು ಬೇಗ ಎಬ್ಬಿಸಿ, ಅವರೇ ಹಾಕಿಕೊಳ್ಳಲಿ. ಗುಂಡಿ ಒಂದು ಮನೆ ತಪ್ಪಿದ್ದರೆ ಸರಿಮಾಡಬೇಡಿ, ಹಾಗೆಯೇ ಕರೆದುಕೊಂಡು ಹೋಗಿ. ಬಾಗಿಲು ದಾಟಿ ಒಳಗೆ ಬರುವಾಗಲೇ ನಾವು ಮೊದಲು ನೋಡುವುದು ಅದನ್ನೇ.